ಬಾಗಿದ ಪಾದವನ್ನು ತಿದ್ದುವ ಕೈಗಳು

ಶಬ್ದಗಳ ಕುಲಗೋತ್ರಗಳನ್ನು ವಿಚಾರಿಸುವುದು ಭಾಷೆಯ ಅಧ್ಯಾಪಕರಿಗೆ ಅಂಟಿಕೊಂಡ ಒಂದು ಚಪಲ. ದೊಡ್ಡ ಆಸ್ಪತ್ರೆಗಳಲ್ಲಿ ‘ಆರ್ಥೊಪೀಡಿಕ್ಸ್’ ಎಂಬ ಫಲಕದ ಕೆಳಗೆ ಕನ್ನಡದಲ್ಲಿ ‘ಮೂಳೆ ವಿಭಾಗ’ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ಅರ್ಥವೇನೋ ತಪ್ಪಲ್ಲ, ಆದರೆ ಮೂಲ ಶಬ್ದದಲ್ಲಿ ಮೂಳೆಯ ಪ್ರಸ್ತಾಪವೇ ಇಲ್ಲ. ಗ್ರೀಕ್ ಭಾಷೆಯಲ್ಲಿ ‘ಆರ್ಥೋಸ್’ ಎಂದರೆ ನೆಟ್ಟಗಿರುವುದು, ‘ಪೈಡಿಯೋನ್’ ಎಂದರೆ ಮಗು. ಇವೆರಡನ್ನೂ ಸಮಾಸ ಮಾಡಿ ಈ ಶಬ್ದವನ್ನು ಟಂಕಿಸಿದವನು ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ. 1741ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವನು ಪ್ರಕಟಿಸಿದ ಗ್ರಂಥಕ್ಕೆ ಅದೇ ಹೆಸರು. ಮಕ್ಕಳ ಅಂಗಗಳಲ್ಲಿ ಕಾಣುವ ಡೊಂಕುಗಳನ್ನು ತಡೆಯುವ ಮತ್ತು ತಿದ್ದುವ ಕಲೆ ಎಂಬುದು ಅವನು ಆ ಶಬ್ದಕ್ಕೆ ಕೊಟ್ಟ ಅರ್ಥ.

ಆಂದ್ರಿಯ ವಿಚಾರದಲ್ಲಿ ಎರಡು ಸಂಗತಿಗಳು ಸ್ವಾರಸ್ಯವಾಗಿವೆ. ಪ್ಯಾರಿಸಿನ ವೈದ್ಯಕೀಯ ವಿದ್ಯಾಪೀಠದ ಮುಖ್ಯಸ್ಥನಾಗಿದ್ದ ಆತನಿಗೂ ಅಲ್ಲಿನ ಶಸ್ತ್ರವೈದ್ಯರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಇನ್ನು ಅವನ ಗ್ರಂಥವೋ, ವೈದ್ಯರನ್ನು ಉದ್ದೇಶಿಸಿದ್ದೇ ಅಲ್ಲ. ತಾಯಿತಂದೆಯರಿಗೆ ಮತ್ತು ಮಕ್ಕಳನ್ನು ಸಾಕುವ ಹೊಣೆ ಹೊತ್ತ ಎಲ್ಲರಿಗೆ ಎಂದು ಮುಖಪುಟದಲ್ಲಿಯೇ ಸಾರಿಕೊಂಡಿದೆ. ಅದರಲ್ಲೊಂದು ಚಿತ್ರವುಂಟು. ಡೊಂಕಾಗಿ ಬೆಳೆದ ಎಳೆಯ ಮರವೊಂದನ್ನು ನೆಟ್ಟಗಿನ ಗೂಟಕ್ಕೆ ಹಗ್ಗದಿಂದ ಸುತ್ತಿ ಕಟ್ಟಿದೆ. ಇಂದು ಪ್ರಪಂಚದ ನಾನಾ ದೇಶಗಳ ಮೂಳೆವೈದ್ಯರ ಸಂಘಗಳಿಗೆ ಆ ಮರವೇ ಲಾಂಛನ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂದು ನಮ್ಮ ಗಾದೆ ಕೇಳುತ್ತದೆ. ಗಿಡವಾಗಿದ್ದಾಗಲೇ ಕಟ್ಟಿರಿ ಎಂದು ಆಂದ್ರಿಯ ಚಿತ್ರ ಉತ್ತರ ಹೇಳುವಂತಿದೆ.

ಶಬ್ದ ಹುಟ್ಟಿದ್ದು ಮಗುವಿಗಾಗಿ. ಆದರೆ ಶಾಸ್ತ್ರ ಬೆಳೆದಂತೆ ಅದರ ಬಹುಭಾಗವನ್ನು ದೊಡ್ಡವರು ಆಕ್ರಮಿಸಿಕೊಂಡರು. ಸವೆದ ಮಂಡಿ, ಮುರಿದ ಸೊಂಟ, ಹಿಡಿದುಕೊಂಡ ಬೆನ್ನು ಇವೇ ಇಂದು ಮೂಳೆವೈದ್ಯರ ಮುಂದಿನ ಸಾಲಿನಲ್ಲಿ ಹೆಚ್ಚು. ಮಕ್ಕಳ ಮೂಳೆವೈದ್ಯ ಮಾತ್ರ ಮೂಲ ಶಬ್ದಕ್ಕೆ ನಿಷ್ಠನಾಗಿ ಉಳಿದಿದ್ದಾನೆ. ಅವನ ಕೈಗೆ ಬರುವ ಮೂಳೆಯ ಸ್ವಭಾವವೇ ಬೇರೆ. ಹಸಿ ಕೊಂಬೆಯನ್ನು ಬಗ್ಗಿಸಿದರೆ ಅದು ಒಣಕಟ್ಟಿಗೆಯಂತೆ ಲಟ್ಟನೆ ಎರಡಾಗದೆ ಒಂದು ಮಗ್ಗುಲಿನಲ್ಲಿ ಸೀಳಿ ಇನ್ನೊಂದು ಮಗ್ಗುಲಿನಲ್ಲಿ ಬಾಗಿಕೊಂಡಿರುತ್ತದಲ್ಲವೆ? ಮಗುವಿನ ಮೂಳೆಯೂ ಅನೇಕ ವೇಳೆ ಹಾಗೆಯೇ ಮುರಿಯುತ್ತದೆ. ವೈದ್ಯರು ಅದನ್ನು ಕರೆಯುವುದೂ ‘ಹಸಿಕೊಂಬೆಯ ಮುರಿತ’ ಎಂದೇ. ಎಳೆಯ ಮೂಳೆಗಳ ತುದಿಗಳಲ್ಲಿ ಬೆಳವಣಿಗೆಯ ಫಲಕಗಳಿರುತ್ತವೆ. ಅವುಗಳಿಗೆ ಪೆಟ್ಟಾದರೆ ಮಗು ಬೆಳೆದಂತೆ ದೋಷವೂ ಬೆಳೆಯುತ್ತದೆ. ಅವು ಸರಿಯಾಗಿದ್ದರೆ ವೈದ್ಯ ಸ್ವಲ್ಪ ಸೊಟ್ಟಗೆ ಕೂಡಿಸಿದ ಮೂಳೆಯನ್ನೂ ಪ್ರಕೃತಿ ವರ್ಷದೊಪ್ಪತ್ತಿನಲ್ಲಿ ತಾನೇ ನೇರ ಮಾಡಿಕೊಳ್ಳುವುದುಂಟು. ಕಾಲ ಇಲ್ಲಿ ಶತ್ರುವೂ ಹೌದು, ಸಹಾಯಕನೂ ಹೌದು. ಮಕ್ಕಳ ಮೂಳೆವೈದ್ಯನ ಜಾಣತನವೆಲ್ಲ ಈ ಕಾಲವನ್ನು ತನ್ನ ಕಡೆಗೆ ಒಲಿಸಿಕೊಳ್ಳುವುದರಲ್ಲಿದೆ. ಇದಕ್ಕೆ ಹುಟ್ಟಿನಿಂದಲೇ ಬರುವ ವಕ್ರಪಾದಕ್ಕಿಂತ ಉತ್ತಮ ನಿದರ್ಶನ ನನಗೆ ಬೇರೆ ತೋರುವುದಿಲ್ಲ.

ಶಾಪದ ಕಥೆಗಳು

ಸಾವಿರ ಶಿಶುಗಳಲ್ಲಿ ಒಂದೋ ಎರಡೋ ಈ ವಕ್ರಪಾದದೊಡನೆ ಹುಟ್ಟುತ್ತವೆ. ಪ್ರಪಂಚದ ಲೆಕ್ಕ ತೆಗೆದುಕೊಂಡರೆ ವರ್ಷಕ್ಕೆ 1,50,000ಕ್ಕೂ ಹೆಚ್ಚು. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ಸುಮಾರು ಎರಡರಷ್ಟು. ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳಲ್ಲಿ ಎರಡು ಪಾದಗಳೂ ಬಾಗಿರುತ್ತವೆ. ಪಾದ ಒಳಕ್ಕೆ ತಿರುಚಿ, ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡು, ಅಂಗಾಲು ಒಂದನ್ನೊಂದು ನೋಡುವಂತೆ ಮಡಿಸಿಕೊಂಡಿರುತ್ತದೆ. ಹಾಗೆಯೇ ಬಿಟ್ಟರೆ ಮಗು ನಡೆಯದೆ ಇರುವುದಿಲ್ಲ. ಪಾದದ ಹೊರ ಅಂಚಿನ ಮೇಲೆ, ಕೆಲವೊಮ್ಮೆ ಪಾದದ ಮೇಲ್ಭಾಗದ ಮೇಲೆಯೇ, ನೆಲ ತುಳಿದು ನಡೆಯುತ್ತದೆ. ಅಲ್ಲಿ ಜಡ್ಡುಗಟ್ಟುತ್ತದೆ, ಹುಣ್ಣಾಗುತ್ತದೆ, ಚಪ್ಪಲಿ ಹಿಡಿಸುವುದಿಲ್ಲ. ಮೈಗೆ ನೋವಾಗುವುದಕ್ಕೆ ಮೊದಲೇ ಶಾಲೆಯ ಅಂಗಳದಲ್ಲಿ ಹೆಸರೊಂದು ಅಂಟಿಕೊಂಡುಬಿಡುತ್ತದೆ. ಸಾಮರ್‌ಸೆಟ್ ಮಾಮ್‌ನ ‘ಆಫ್ ಹ್ಯೂಮನ್ ಬಾಂಡೇಜ್’ (1915) ಕಾದಂಬರಿಯನ್ನು ಓದಿದವರಿಗೆ ಫಿಲಿಪ್ ಕೇರಿಯ ನೆನಪಿರಬಹುದು. ಬೆಳಗಾಗುವಷ್ಟರಲ್ಲಿ ತನ್ನ ಪಾದ ಸರಿಯಾಗಲೆಂದು ಆ ಹುಡುಗ ದೇವರನ್ನು ಬೇಡುತ್ತಾನೆ; ಪಾದ ಸರಿಯಾಗುವುದಿಲ್ಲ. ಸಹಪಾಠಿಗಳು ಬಲಾತ್ಕಾರದಿಂದ ಅವನ ಪಾದವನ್ನು ಬಿಡಿಸಿ ನೋಡುವ ಪುಟಗಳನ್ನು ಓದುವಾಗ ಮೇಷ್ಟರಾದವರಿಗೆ ಒಂದು ಬಗೆಯ ನಾಚಿಕೆಯಾಗದೆ ಇರದು.

ನಮ್ಮ ಪುರಾಣಗಳು ಇಂಥ ದೇಹಗಳನ್ನು ಮರೆತಿಲ್ಲ. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ಗರ್ಭದಲ್ಲಿದ್ದಾಗಲೇ ತಂದೆ ಕಹೋಡನ ಅಧ್ಯಯನದಲ್ಲಿ ತಪ್ಪು ಹಿಡಿದ ಆ ಶಿಶು ತಂದೆಯ ಶಾಪಕ್ಕೆ ಗುರಿಯಾಗಿ ಎಂಟು ಕಡೆ ಬಾಗಿ ಹುಟ್ಟಿತು. ಅದೇ ಬಾಲಕ ಜನಕನ ಯಜ್ಞಶಾಲೆಯಲ್ಲಿ ಬಂದಿಯನ್ನು ವಾದದಲ್ಲಿ ಗೆದ್ದು ತಂದೆಯನ್ನು ಬಿಡಿಸಿ ತಂದ ಮೇಲೆ, ಸಮಂಗಾ ನದಿಯಲ್ಲಿ ಮಿಂದು ಸರಿಯಾದ ಅಂಗಗಳನ್ನು ಪಡೆದನಂತೆ. ಭಾಗವತದ ದಶಮಸ್ಕಂಧದಲ್ಲಿ ಮಥುರೆಯ ತ್ರಿವಕ್ರೆಯಿದ್ದಾಳೆ. ಕೃಷ್ಣ ಆಕೆಯ ಪಾದಗಳ ತುದಿಯನ್ನು ತನ್ನ ಪಾದಗಳಿಂದ ಒತ್ತಿಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲೆತ್ತಿದ, ಆಕೆ ನೆಟ್ಟಗಾದಳು. ಒಂದು ಕಡೆ ಅದುಮಿ ಹಿಡಿಯಬೇಕು, ಇನ್ನೊಂದು ಕಡೆ ಮೆಲ್ಲಗೆ ಎಳೆಯಬೇಕು ಎಂಬ ಈ ವಿವರ ನನ್ನನ್ನು ಈಚೆಗೆ ಬಹಳ ಯೋಚಿಸುವಂತೆ ಮಾಡಿದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಪುರಾಣದಲ್ಲಿ ಶಾಪ ಕೊಟ್ಟವನು ತಂದೆ. ನಮ್ಮ ಹಳ್ಳಿಗಳಲ್ಲಿ ಅಪವಾದ ಹೊರುವವಳು ತಾಯಿ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಈಳಿಗೆಮಣೆ ಮುಟ್ಟಿದಳು ಎಂಬ ಮಾತುಗಳು ಇನ್ನೂ ಸತ್ತಿಲ್ಲ. ಬಹುಪಾಲು ಮಕ್ಕಳಲ್ಲಿ ಈ ದೋಷಕ್ಕೆ ಇಂಥದೇ ಕಾರಣವೆಂದು ಬೊಟ್ಟುಮಾಡಿ ತೋರಿಸುವಂಥದು ಏನೂ ಇರುವುದಿಲ್ಲ. ವಂಶವಾಹಿಯ ಪಾಲು ಸ್ವಲ್ಪ ಉಂಟು. ತಾಯಿ ಮಾಡಿದ ಯಾವ ಕೆಲಸದಿಂದಲೂ ಗ್ರಹಣದಿಂದಲೂ ಇದು ಬರುವುದಿಲ್ಲ ಎಂಬುದಂತೂ ಸ್ಪಷ್ಟ.

ಒಂದು ಕಾದಂಬರಿಯ ಸಾಕ್ಷ್ಯ

ಈ ಪಾದವನ್ನು ತಿದ್ದುವ ಪ್ರಯತ್ನ ಬಹಳ ಹಳೆಯದು. ಹುಟ್ಟಿದ ಕೂಡಲೆ ಪ್ರಾರಂಭಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ, ಬಟ್ಟೆಯ ಪಟ್ಟಿಗಳಿಂದ ಕಟ್ಟಬೇಕೆಂದು ಗ್ರೀಸಿನ ಹಿಪೊಕ್ರೇಟಿಸ್ ಪರಂಪರೆಯ ಗ್ರಂಥಗಳು ಸುಮಾರು 2,400 ವರ್ಷಗಳ ಹಿಂದೆಯೇ ಹೇಳಿವೆ. ಆ ತಾಳ್ಮೆಯ ಮಾತನ್ನು ಅನಂತರದ ಶತಮಾನಗಳು ಮರೆತವು. ಕಬ್ಬಿಣದ ಯಂತ್ರಗಳು ಬಂದವು, ತಿರುಪುಗಳು ಬಂದವು. 1831ರಲ್ಲಿ ಜರ್ಮನಿಯ ಹ್ಯಾನೋವರಿನ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯ, ಹಿಮ್ಮಡಿಯನ್ನು ಮೇಲಕ್ಕೆ ಸೆಳೆದು ಹಿಡಿದಿರುವ ದಪ್ಪನೆಯ ಸ್ನಾಯುರಜ್ಜುವನ್ನು ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಒಳಗಿಂದಲೇ ಕತ್ತರಿಸುವ ಉಪಾಯವನ್ನು ಕಂಡುಹಿಡಿದ. ಬಾಲ್ಯದಿಂದ ಬಾಗಿದ ಪಾದವನ್ನು ಹೊತ್ತಿದ್ದ ಲಂಡನ್ನಿನ ತರುಣ ವೈದ್ಯ ವಿಲಿಯಂ ಲಿಟ್ಲ್ 1836ರಲ್ಲಿ ಅಲ್ಲಿಗೆ ಹೋಗಿ, ಆ ಚಿಕಿತ್ಸೆಯಿಂದ ಗುಣಹೊಂದಿ ಹಿಂತಿರುಗಿ, ತಾನೇ ಒಂದು ಮೂಳೆ ಆಸ್ಪತ್ರೆಯನ್ನು ಸ್ಥಾಪಿಸಿದ. ಯೂರೋಪಿನಾದ್ಯಂತ ಈ ಶಸ್ತ್ರಚಿಕಿತ್ಸೆ ಪ್ರಸಿದ್ಧಿಗೆ ಬಂತು.

ಈ ಪ್ರಸಿದ್ಧಿಯ ಕರಾಳ ಮುಖವನ್ನು ನಮಗೆ ತೋರಿಸಿದವನು ವೈದ್ಯನಲ್ಲ, ಕಾದಂಬರಿಕಾರ. ಫ್ಲೋಬೇರನ ‘ಮದಾಂ ಬೊವಾರಿ’ 1857ರಲ್ಲಿ ಪುಸ್ತಕರೂಪದಲ್ಲಿ ಬಂತು. ಫ್ಲೋಬೇರನ ತಂದೆ ರೂಆನ್ ನಗರದ ಆಸ್ಪತ್ರೆಯಲ್ಲಿ ಮುಖ್ಯ ಶಸ್ತ್ರವೈದ್ಯನಾಗಿದ್ದವನು. ಮಗನಿಗೆ ಆ ಲೋಕ ಚೆನ್ನಾಗಿ ಗೊತ್ತು. ಕಾದಂಬರಿಯಲ್ಲಿ ಹಳ್ಳಿಯ ಸಾಧಾರಣ ವೈದ್ಯ ಶಾರ್ಲ್ ಬೊವಾರಿ, ಹೆಂಡತಿಯ ಕೀರ್ತಿಯಾಸೆಗೂ ಔಷಧದಂಗಡಿಯವನ ಪ್ರಚೋದನೆಗೂ ಒಳಗಾಗಿ, ಇಪೊಲಿತ್ ಎಂಬ ಕುದುರೆಲಾಯದ ಆಳಿನ ವಕ್ರಪಾದಕ್ಕೆ ಕೈಹಾಕುತ್ತಾನೆ. ಆ ಆಳು ತನ್ನ ಸೊಟ್ಟ ಕಾಲಿನಲ್ಲೇ ಚುರುಕಾಗಿ ಕೆಲಸ ಮಾಡಿಕೊಂಡಿದ್ದವನು. ಬೊವಾರಿ ರಜ್ಜುವನ್ನು ಕತ್ತರಿಸಿ ಕಾಲನ್ನು ಒಂದು ಭಾರವಾದ ಪೆಟ್ಟಿಗೆಯೊಳಗೆ ಬಿಗಿದು ಕಟ್ಟುತ್ತಾನೆ. ಕಾಲು ಬಾತು, ಕೊಳೆತು, ಕೊನೆಗೆ ಬೇರೊಬ್ಬ ವೈದ್ಯ ಬಂದು ತೊಡೆಯವರೆಗೆ ಕತ್ತರಿಸಬೇಕಾಗುತ್ತದೆ. ಅನಂತರ ಕಲ್ಲುಹಾಸಿನ ಮೇಲೆ ಅವನ ಮರಗಾಲಿನ ಸದ್ದು ಕೇಳಿದಾಗಲೆಲ್ಲ ಬೊವಾರಿ ಬೇರೆ ದಾರಿ ಹಿಡಿಯುತ್ತಾನೆ. ಇದನ್ನು ತರಗತಿಯಲ್ಲಿ ಹೇಳುವಾಗ ಅಹಂಕಾರದ ಪತನವೆಂದು ನಾವು ವ್ಯಾಖ್ಯಾನಿಸುತ್ತೇವೆ. ಒಬ್ಬ ಮೂಳೆವೈದ್ಯ ಇದನ್ನೇ ಓದಿದರೆ ಹೇಳುವುದು ಬೇರೆ: ಹಲವು ಮೂಳೆಗಳು ಸೇರಿ ಆದ ಡೊಂಕನ್ನು ಒಂದೇ ಏಟಿಗೆ ತೆಗೆಯಲು ಹೋದದ್ದೇ ತಪ್ಪು, ಉಳಿದ ಡೊಂಕುಗಳನ್ನು ತಿದ್ದದೆ ಕತ್ತಿ ಎತ್ತಬಾರದಾಗಿತ್ತು.

ಗಡಿಯಾರದ ಅಂಗಡಿಯಿಂದ

ಕತ್ತಿಯ ಸರದಿ ಎಲ್ಲಿ ಬರಬೇಕೆಂಬುದನ್ನು ಜಗತ್ತಿಗೆ ಕಲಿಸಿದವರು ಇಗ್ನಾಸಿಯೋ ಪೊನ್ಸೆಟಿ. ಸ್ಪೇನಿಗೆ ಸೇರಿದ ಮೆನೋರ್ಕಾ ದ್ವೀಪದಲ್ಲಿ 1914ರಲ್ಲಿ ಹುಟ್ಟಿದರು. ತಂದೆ ಗಡಿಯಾರ ರಿಪೇರಿಯವರು; ಹುಡುಗ ಅಂಗಡಿಯಲ್ಲಿ ಕುಳಿತು ಸಣ್ಣ ಚಕ್ರಗಳನ್ನು ಜೋಡಿಸುವುದರಲ್ಲಿ ಕೈ ಪಳಗಿಸಿಕೊಂಡ. ಬಾರ್ಸಿಲೋನಾದಲ್ಲಿ ವೈದ್ಯಪದವಿ ಪಡೆದದ್ದು 1936ರಲ್ಲಿ, ಅಂತರ್ಯುದ್ಧ ಸಿಡಿದ ವರ್ಷ. ಗಣರಾಜ್ಯದ ಪಕ್ಷದ ಸೇನೆಯಲ್ಲಿ ವೈದ್ಯರಾಗಿ ಮುರಿದ ಕೈಕಾಲುಗಳನ್ನು ಕೂಡಿಸಿ, 1939ರಲ್ಲಿ ಸೋಲಾದಾಗ ಗಾಯಾಳುಗಳನ್ನು ಪಿರಿನೀಸ್ ಪರ್ವತ ದಾಟಿಸಿ ಫ್ರಾನ್ಸಿಗೆ ಸೇರಿಸಿದರು. ಅಲ್ಲಿಂದ ಮೆಕ್ಸಿಕೋದ ಒಂದು ಹಳ್ಳಿಯಲ್ಲಿ ವೈದ್ಯವೃತ್ತಿ. 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸ್ಟೈಂಡ್ಲರ್ ಎಂಬ ಹಿರಿಯ ಮೂಳೆವೈದ್ಯರ ಶಿಷ್ಯವೃತ್ತಿ.

ಅಲ್ಲಿ ಅವರು, ಹಿಂದೆ ವಕ್ರಪಾದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ದೊಡ್ಡವರಾಗಿದ್ದವರನ್ನು ಪರೀಕ್ಷಿಸಿದರು. ಕಣ್ಣಿಗೆ ಪಾದ ನೇರವಾಗಿತ್ತು. ಆದರೆ ಮರಗಟ್ಟಿತ್ತು, ಶಕ್ತಿಗುಂದಿತ್ತು, ನೋಯುತ್ತಿತ್ತು. ಕೊಯ್ದ ಕಡೆಯಲ್ಲೆಲ್ಲ ಬಿರುಸಾದ ಗಾಯದ ಕಲೆ ಉಳಿದುಕೊಂಡಿತ್ತು. ಕೊಯ್ಯದೆ ತಿದ್ದಲು ಸಾಧ್ಯವೆ ಎಂದು ಅವರು ಅಂಗರಚನೆಯನ್ನು ಹೊಸದಾಗಿ ಅಭ್ಯಾಸ ಮಾಡಿದರು. ಶಿಶುವಿನ ಪಾದದಲ್ಲಿ ಮೂಳೆಗಳನ್ನು ಬಿಗಿದಿರುವ ನಾರುಕಟ್ಟುಗಳ ಎಳೆಗಳು ಅಲೆಯಲೆಯಾಗಿ ಸುಕ್ಕಿಟ್ಟುಕೊಂಡಿರುತ್ತವೆ. ಮೆಲ್ಲನೆ ಎಳೆದರೆ ಹರಿಯದೆ ನೀಳವಾಗುತ್ತವೆ. ಕೆಲವು ದಿನ ಹಾಗೆಯೇ ಹಿಡಿದಿಟ್ಟರೆ ಮತ್ತೆ ಇನ್ನಷ್ಟು ಎಳೆಯಬಹುದು. ಪಾದದ ಮೂಳೆಗಳು ಒಂದಕ್ಕೊಂದು ಹೊಂದಿ ಚಲಿಸುವುದರಿಂದ, ಗಡಿಯಾರದ ಚಕ್ರಗಳಂತೆ, ಒಂದನ್ನು ಸರಿಯಾದ ದಿಕ್ಕಿನಲ್ಲಿ ತಿರುಗಿಸಿದರೆ ಉಳಿದವು ಜೊತೆಗೆ ತಿರುಗುತ್ತವೆ.

ಹೀಗೆ ರೂಪುಗೊಂಡ ವಿಧಾನವನ್ನು ಅವರು 1963ರಲ್ಲಿ ಪ್ರಕಟಿಸಿದರು. ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಅದು ಶಸ್ತ್ರಚಿಕಿತ್ಸೆಯ ವೈಭವದ ಕಾಲ. ಪೊನ್ಸೆಟಿ ವಾದಕ್ಕಿಳಿಯದೆ ಅಯೋವಾದಲ್ಲಿ ತಮ್ಮ ಪಾಡಿಗೆ ಪಟ್ಟಿ ಹಾಕುತ್ತ, ತಾವು ತಿದ್ದಿದ ಮಕ್ಕಳು ಬೆಳೆಯುವುದನ್ನು ಕಾಯುತ್ತ ಕುಳಿತರು. 1995ರಲ್ಲಿ ಅವರ ಸಹೋದ್ಯೋಗಿಗಳು ಒಂದು ಲೆಕ್ಕವನ್ನು ಮುಂದಿಟ್ಟರು. ಮೂವತ್ತು ವರ್ಷಗಳಿಗೂ ಹಿಂದೆ ಚಿಕಿತ್ಸೆ ಪಡೆದಿದ್ದ 45 ಮಂದಿಯಲ್ಲಿ ನೂರಕ್ಕೆ 78 ಮಂದಿಯ ಪಾದಗಳು ಉತ್ತಮವಾಗಿಯೇ ಕೆಲಸ ಮಾಡುತ್ತಿದ್ದವು. ಹುಟ್ಟಿನಿಂದ ಯಾವ ದೋಷವೂ ಇಲ್ಲದವರನ್ನು ಅದೇ ಅಳತೆಯಿಂದ ನೋಡಿದಾಗ ಬಂದ ಸಂಖ್ಯೆ 85. ಮುಂದಿನ ವರ್ಷ ಪೊನ್ಸೆಟಿಯವರ ಪುಸ್ತಕ ಬಂತು. ಆಮೇಲೆ ಸುದ್ದಿಯನ್ನು ದೇಶದೇಶಕ್ಕೆ ಹರಡಿದವರಲ್ಲಿ ತಾಯಿತಂದೆಯರೇ ಮುಖ್ಯರು. ಅಂತರ್ಜಾಲದ ಮೂಲಕ ಒಬ್ಬರಿಂದೊಬ್ಬರು ತಿಳಿದು, ತಮ್ಮ ಮಗುವನ್ನು ಕೊಯ್ಯಬೇಡಿರೆಂದು ವೈದ್ಯರನ್ನು ಕೇಳತೊಡಗಿದರು. 1984ರಲ್ಲಿ ನಿವೃತ್ತರಾಗಿದ್ದ ಪೊನ್ಸೆಟಿ ಮತ್ತೆ ಕೆಲಸಕ್ಕೆ ಬಂದು, 2009ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾಯಿತಂದೆಯರಿಗೆಂದು ಪುಸ್ತಕ ಬರೆದ ಆಂದ್ರಿ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನೆಂದು ತೋರುತ್ತದೆ.

ಬೆರಳಿನ ಕೆಲಸ

ಈ ವಿಧಾನವನ್ನು ಪುಸ್ತಕದಲ್ಲಿ ಓದಿದ ಮೇಲೆ ಕಣ್ಣಾರೆ ನೋಡಬೇಕೆನಿಸಿ, ಪರಿಚಿತ ವೈದ್ಯರೊಬ್ಬರ ಅನುಮತಿ ಪಡೆದು ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ನಡೆಯುವ ಪಾದಚಿಕಿತ್ಸೆಯ ದಿನ ಒಂದು ಮೂಲೆಯಲ್ಲಿ ಕುಳಿತಿದ್ದೆ. ಇಪ್ಪತ್ತು ದಿನದ ಮಗುವೊಂದನ್ನು ಮೇಜಿನ ಮೇಲೆ ಮಲಗಿಸಿದರು. ತಾಯಿ ಬಾಗಿ ಹಾಲೂಡಿಸುತ್ತಿದ್ದಳು. ಹೊಟ್ಟೆ ತುಂಬುತ್ತಿರುವ ಮಗು ಕಾಲನ್ನು ಬಿಗಿಹಿಡಿಯುವುದಿಲ್ಲವಂತೆ. ವೈದ್ಯರು ಹೆಬ್ಬೆರಳಿನಿಂದ ಪಾದದ ಹೊರಮಗ್ಗುಲಿನ ಒಂದು ಬಿಂದುವನ್ನು ಹುಡುಕಿ ಒತ್ತಿಹಿಡಿದರು. ಕಣಕಾಲಿನ ಕೆಳಗಿರುವ ಟೇಲಸ್ ಎಂಬ ಮೂಳೆಯ ತಲೆ ಅದು. ಇನ್ನೊಂದು ಕೈಯಿಂದ ಪಾದದ ಮುಂಭಾಗವನ್ನು ಹೊರಕ್ಕೆ, ಹೂವಿನ ದಳ ಬಿಡಿಸುವಷ್ಟು ಮೆಲ್ಲಗೆ ಸರಿಸಿದರು. ನನಗೆ ತ್ರಿವಕ್ರೆಯ ಪ್ರಸಂಗ ನೆನಪಾದದ್ದು ಆಗಲೇ. ಹಿಮ್ಮಡಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ಹಿಮ್ಮಡಿಯನ್ನು ಹಿಡಿದು ತಿರುಚಿದರೆ ದಾರಿ ಕಟ್ಟಿಹೋಗುತ್ತದೆ; ಮುಂಭಾಗ ಸರಿದಂತೆ ಅದು ತಾನಾಗಿಯೇ ಹಿಂಬಾಲಿಸುತ್ತದೆ ಎಂದರು.

ಹತ್ತಿ ಸುತ್ತಿ, ನೆನೆಸಿದ ಪ್ಲಾಸ್ಟರ್ ಪಟ್ಟಿಯನ್ನು ಕಾಲ್ಬೆರಳಿನಿಂದ ತೊಡೆಯ ಮೇಲಿನವರೆಗೆ, ಮಂಡಿಯನ್ನು ಮಡಿಸಿ ಹಾಕುತ್ತಾರೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ. ಅದು ಆರುವ ತನಕ ವೈದ್ಯರ ಬೆರಳುಗಳು ಕದಲುವುದಿಲ್ಲ. ಕೊನೆಗೆ ಹೊರಗೆ ಕಾಣುವ ಐದು ಪುಟ್ಟ ಬೆರಳುಗಳ ಉಗುರನ್ನು ಒತ್ತಿ, ಕೆಂಪು ಮರಳುವುದನ್ನು ನೋಡುತ್ತಾರೆ. ಮುಂದಿನ ವಾರ ಪಟ್ಟಿ ಬಿಚ್ಚಿ, ಇನ್ನಷ್ಟು ಸರಿಸಿ, ಮತ್ತೆ ಕಟ್ಟುವುದು. ಐದರಿಂದ ಏಳು ಪಟ್ಟಿಗಳಲ್ಲಿ ಒಳಕ್ಕೆ ತಿರುಗಿದ್ದ ಪಾದ ಸುಮಾರು 70 ಡಿಗ್ರಿ ಹೊರಕ್ಕೆ ಬರುತ್ತದೆ. ಮೊದಲು ಅಂಗಾಲಿನ ಕಮಾನು, ಆಮೇಲೆ ಒಳಬಾಗು, ಅದರೊಡನೆ ಹಿಮ್ಮಡಿಯ ಓರೆ, ಕಟ್ಟಕಡೆಗೆ ಹಿಮ್ಮಡಿಯ ಏರಿಕೆ ಎಂಬ ಕ್ರಮ ತಪ್ಪಬಾರದು. ಈ ಕಟ್ಟಕಡೆಯ ಹಂತದಲ್ಲಿ ಬಹುಪಾಲು ಮಕ್ಕಳಿಗೆ ಸ್ಟ್ರೋಮೆಯರನ ಆ ಸಣ್ಣ ಕತ್ತಿ ಬೇಕಾಗುತ್ತದೆ. ರಂಧ್ರದಷ್ಟು ಗಾಯ, ಹೊಲಿಗೆ ಬೇಡ, ಮೂರು ವಾರದ ಇನ್ನೊಂದು ಪಟ್ಟಿ; ಅಷ್ಟರಲ್ಲಿ ಕತ್ತರಿಸಿದ ರಜ್ಜು ಬೇಕಾದ ಉದ್ದಕ್ಕೆ ಬೆಳೆದು ಕೂಡಿಕೊಂಡಿರುತ್ತದೆ. ಇಪೊಲಿತ್‌ನ ಕಾಲನ್ನು ಕಳೆದ ಶಸ್ತ್ರವೇ ಇಲ್ಲಿ, ತನ್ನ ಸರದಿಗೆ ಕಾದು ಬಂದುದರಿಂದ, ಪಾದವನ್ನು ಉಳಿಸಿಕೊಡುತ್ತದೆ.

ಆ ಮಗುವಿನ ಅಜ್ಜಿ ಸೊಸೆಯ ಕಡೆ ಕೈತೋರಿಸಿ, “ಗ್ರಾಣ ಹಿಡಿದಾಗ ಇವಳು ಹೊರಗೆ ಬಂದ್ಲು ಸ್ವಾಮಿ, ಬ್ಯಾಡ ಅಂದ್ರೂ ಕೇಳ್ಲಿಲ್ಲ” ಎಂದಳು. ಸೊಸೆ ತಲೆ ಎತ್ತಲಿಲ್ಲ. ವೈದ್ಯರು ಪಟ್ಟಿ ಸುತ್ತುತ್ತಲೇ, “ಅಜ್ಜೀ, ಮಕ್ಕಳಿಗೆ ಎರೆದು ನಿಮಗೆ ರೂಢಿಯಲ್ಲವೇ? ಕಾಲು ನೀಡಿ ಮಲಗಿಸಿಕೊಂಡು, ಎಣ್ಣೆ ಹಚ್ಚಿ ನೀವುತ್ತೀರಿ. ನಾನು ಮಾಡುತ್ತಿರುವುದೂ ಅಂಥದೇ ಕೆಲಸ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಸೊಸೆ ತಪ್ಪು ಮಾಡಿಲ್ಲ, ವಾರವಾರ ಇಷ್ಟು ದೂರ ಎತ್ತಿಕೊಂಡು ಬರುತ್ತಿರುವವಳು ಅವಳೇ” ಎಂದರು. ಅಜ್ಜಿ ಒಪ್ಪಿದಳೋ ಇಲ್ಲವೋ ಹೇಳಲಾರೆ. ಬಾಗಿಲು ದಾಟುವಾಗ ಮಗುವನ್ನು ತಾನೇ ಎತ್ತಿಕೊಂಡು, ಸೊಸೆಯ ಕೈಯಿಂದ ಚೀಲವನ್ನೂ ತೆಗೆದುಕೊಂಡದ್ದನ್ನು ನೋಡಿದೆ.

ನಾಲ್ಕು ವರ್ಷದ ರಾತ್ರಿಗಳು

ಪಾದ ನೇರವಾಯಿತೆಂದರೆ ಕೆಲಸ ಮುಗಿಯಿತೆಂದು ನಾನು ಎಣಿಸಿದ್ದೆ. ನಿಜವಾದ ಪರೀಕ್ಷೆ ಅಲ್ಲಿಂದ ಪ್ರಾರಂಭ. ಒಂದು ಅಡ್ಡ ಸರಳಿಗೆ ಎರಡು ಪುಟ್ಟ ಬೂಟುಗಳನ್ನು ಹೊರಮುಖವಾಗಿ ಕೂಡಿಸಿದ ಸಲಕರಣೆಯೊಂದಿದೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಗುವಿಗೆ ನಾಲ್ಕು ವರ್ಷವಾಗುವ ತನಕ ಮಲಗುವ ಹೊತ್ತಿನಲ್ಲೆಲ್ಲ ಅದನ್ನು ತೊಡಿಸಬೇಕು. ತಪ್ಪಿಸಿದರೆ ಪಾದ ತನ್ನ ಹಳೆಯ ಹಾದಿಗೆ ಮರಳುತ್ತದೆ. ಮರುಕಳಿಸಿದ ಪ್ರಸಂಗಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಆದರೆ ತಪ್ಪಿಸುವುದು ಎಷ್ಟು ಸುಲಭ! ಮಗು ಹಟ ಮಾಡಿ ಅಳುತ್ತದೆ, ಮನೆಯವರಿಗೆ ನಿದ್ದೆಯಿಲ್ಲ, ಪಾದವೋ ನೋಡುವುದಕ್ಕೆ ಚೆನ್ನಾಗಿಯೇ ಇದೆ. ಇನ್ನೇಕೆ ಈ ಬಂಧನ ಎಂದು ಕರುಣೆಯೇ ಬಿಚ್ಚಿಸಿಬಿಡುತ್ತದೆ.

ಅಂದು ಅಲ್ಲಿಗೆ ಮೂರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ತಂದೆ ಗಾರೆ ಕೆಲಸದವನು. ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ ಮೇಲೆ ಬೂಟು ಚಿಕ್ಕದಾಗಿ, ಹೊಸದು ತರುವುದು ತಪ್ಪಿಹೋಗಿತ್ತು. ಆಸ್ಪತ್ರೆಗೆ ಬಂದ ದಿನದ ಕೂಲಿ ಹೋಗುತ್ತದೆ. ಬಸ್ಸಿನ ಖರ್ಚು ಬೇರೆ. ಹುಡುಗಿಯ ಬಲಪಾದ ಮತ್ತೆ ಒಳಕ್ಕೆ ತಿರುಗತೊಡಗಿತ್ತು. ವೈದ್ಯರು ಬೈಯುವರೆಂದು ಆತ ಬಾಗಿಲಲ್ಲೇ ನಿಂತಿದ್ದ. ಅವರು ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು, “ಮೊದಲಿಂದ ಶುರು ಮಾಡೋಣ ಬಾಪ್ಪ, ಇನ್ನೂ ಹೊತ್ತಿದೆ” ಎಂದರು. ಅಷ್ಟೇ ಮಾತು. ನಾಲ್ಕನೆಯ ಸಲ ಅದೇ ತಪ್ಪು ಮಾಡಿದ ವಿದ್ಯಾರ್ಥಿಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯನ್ನು ಹರಿಸಿ ರೂಢಿಯಾದ ನಮ್ಮಂಥವರು ಆ ಮಾತಿನ ದನಿಯನ್ನು ಕೇಳಬೇಕಾಗಿತ್ತು. ಕನ್ನಡದಲ್ಲಿ ‘ತಿದ್ದು’ ಎಂಬ ಧಾತುವಿಗೆ ತಪ್ಪನ್ನು ಸರಿಪಡಿಸು ಎಂದೂ ಅರ್ಥವುಂಟು. ಮಗುವಿನ ಕೈ ಹಿಡಿದು ಅಕ್ಷರದ ಮೇಲೆ ಮತ್ತೆ ಮತ್ತೆ ಎಳೆಯಿಸು ಎಂದೂ ಅರ್ಥವುಂಟು. ಆ ಕೋಣೆಯಲ್ಲಿ ನಡೆಯುತ್ತಿದ್ದುದು ಎರಡನೆಯದು.

ಈ ಚಿಕಿತ್ಸೆಗೆ ದೊಡ್ಡ ಯಂತ್ರಗಳು ಬೇಡ, ಬೆಲೆಬಾಳುವ ಔಷಧಗಳು ಬೇಡ. ಆಫ್ರಿಕದ ಮಲಾವಿ, ಉಗಾಂಡಾಗಳಲ್ಲಿ ಮೂಳೆವೈದ್ಯರು ವಿರಳವಾದುದರಿಂದ, ತರಬೇತಿ ಹೊಂದಿದ ವೈದ್ಯ ಸಹಾಯಕರೇ ಪಟ್ಟಿ ಹಾಕಿ ಪಾದಗಳನ್ನು ತಿದ್ದಿದ್ದಾರೆ. ನಮ್ಮ ದೇಶದಲ್ಲಿ 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಲ್ಲಿಯೇ ಗುರುತಿಸಬೇಕಾದ ದೋಷಗಳ ಪಟ್ಟಿಗೆ ವಕ್ರಪಾದವನ್ನೂ ಸೇರಿಸಲಾಗಿದೆ. ಆ ಕಾರ್ಯಕ್ರಮದಡಿ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಹಾಗಿದ್ದೂ ದೊಡ್ಡವರಾಗುವ ತನಕ ಸೊಟ್ಟ ಪಾದದಲ್ಲೇ ನಡೆಯುವವರನ್ನು ನಾವು ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಕಾಣುತ್ತೇವೆ. ಅವರಿಗೆ ಕೊರತೆಯಾದದ್ದು ಶಾಸ್ತ್ರವಲ್ಲ, ಹುಟ್ಟಿದ ಮೊದಲ ವಾರಗಳಲ್ಲಿ ‘ಇದು ಸರಿಹೋಗುತ್ತದೆ, ಈಗಲೇ ಕರೆದುಕೊಂಡು ಹೋಗಿ’ ಎಂದು ಹೇಳುವ ಒಂದು ಬಾಯಿ.

ಈ ಪುಟವನ್ನು ಓದುವವರಲ್ಲಿ ಬಹುಮಂದಿ ವಿದ್ಯಾರ್ಥಿಗಳು, ಉಪಾಧ್ಯಾಯರು. ರಜೆಗೆ ಊರಿಗೆ ಹೋದಾಗ ಬಾಣಂತಿಯ ಕೋಣೆಯಿಂದ ಇಂಥ ಪಿಸುಮಾತು ಕೇಳಿಬಂದರೆ ಅವರು ಸುಮ್ಮನಿರಬಾರದು. ಮೊದಲು ಆ ತಾಯಿಗೆ, ನಿನ್ನ ತಪ್ಪಲ್ಲ ಎಂದು ಹೇಳಬೇಕು. ಆಮೇಲೆ ಮನೆಯವರಿಗೆ, ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸಬೇಕು. ಪಾದ ನೇರವಾದ ಮೇಲೂ ರಾತ್ರಿಯ ಬೂಟನ್ನು ಬಿಚ್ಚಬೇಡಿರೆಂದು ವರ್ಷಕ್ಕೆರಡು ಸಲ ನೆನಪು ಮಾಡಬೇಕು. ಮಿಕ್ಕದ್ದನ್ನು ಆ ಮಗುವೇ, ನಮ್ಮನ್ನು ಹಿಂದೆ ಬಿಟ್ಟು ಓಡಿ, ನೋಡಿಕೊಳ್ಳುತ್ತದೆ.